ಹುಳ ಬೀಳದ ಮೀನು

ಕಾಪುವಿನ ಗುಣವತಿ ಹೆದರುತ್ತಿದ್ದದ್ದು ಒಂದಕ್ಕೇ. ಸಮುದ್ರಕ್ಕಲ್ಲ, ಗಂಡ ದೋಣಿಯ ಜೊತೆಗೇ ಮುಳುಗಿದ ವರ್ಷ ಆ ಹೆದರಿಕೆಯೂ ಹೋಗಿತ್ತು. ಬಸ್ಸಿನ ಕಂಡಕ್ಟರನಿಗಂತೂ ಅಲ್ಲವೇ ಅಲ್ಲ. ಇವಳ ಬುಟ್ಟಿ ಕಂಡರೆ ಅವನೇ ಮುಖ ತಿರುಗಿಸುತ್ತಿದ್ದ. ಅವಳು ಹೆದರುತ್ತಿದ್ದದ್ದು ಹುಳಕ್ಕೆ. ಒಣಮೀನಿನಲ್ಲಿ ಬೀಳುವ, ನುಚ್ಚಕ್ಕಿಯಷ್ಟೇ ಇರುವ ಬಿಳಿ ಹುಳ. ಅದು ಕನಸಿನಲ್ಲಿ ಬಂದರೂ ಎದ್ದು ಕೂರುತ್ತಿದ್ದಳು.

ಅದಕ್ಕೆ ಕಾರಣವಿತ್ತು. ದಡಕ್ಕೆ ಬಂದ ಬಂಗುಡೆ ಮೀನನ್ನು ಸೀಳಿ, ಉಪ್ಪು ಹಾಕಿ, ಮರಳ ಮೇಲೆ ಚಾಪೆ ಹಾಸಿ ಒಣಗಿಸಿ, ಮೇ ತಿಂಗಳ ಆದಿತ್ಯವಾರಗಳಲ್ಲಿ ಸಂತೆಕಟ್ಟೆಯ ಸಂತೆಗೆ ಒಯ್ಯುವುದು ಅವಳ ಕಸುಬು. ಜೂನಿನಲ್ಲಿ ಸಮುದ್ರ ಕೆರಳಿದರೆ ಮೂರು ತಿಂಗಳು ಹಸಿ ಮೀನು ಸಿಗುವುದಿಲ್ಲ. ಗಂಜಿಯ ಬಟ್ಟಲಿನ ಬದಿಗೆ ಒಣಮೀನೇ ಗತಿ. ಹಾಗಾಗಿ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದ ಕ್ರಿಸ್ತುವರ ಹೆಂಗಸರು ಇಡೀ ಮಳೆಗಾಲಕ್ಕೆ ಬೇಕಾದಷ್ಟನ್ನು ಒಂದೇ ಸಲ ಕೊಳ್ಳುತ್ತಿದ್ದರು. ಬಾಲ ಮುರಿದು, ಮೂಸಿ, ಇಪ್ಪತ್ತು ಕೊಂಕು ಹೇಳಿ ಕೊಳ್ಳುತ್ತಿದ್ದರು. ಒಂದು ಕ್ರಮ ಮಾತ್ರ ಯಾರೂ ತಪ್ಪುವಂತಿರಲಿಲ್ಲ. ಕೊಂಡ ಮೀನಿಗೆ ಹುಳ ಬಿದ್ದರೆ ಅದನ್ನು ಮನೆಯಲ್ಲಿ ಎಸೆಯುವುದಿಲ್ಲ. ತಂದು ಮಾರಿದವಳ ಮುಂದೆಯೇ ಸುರಿಯುತ್ತಾರೆ. ಅವಳು ಎದುರು ಮಾತಾಡದೆ ಹೆಕ್ಕಿಕೊಂಡು ಹೋಗಬೇಕು.

ಹೋದ ವರ್ಷ ಗುಣವತಿಯ ಮುಂದೆ ಹಾಗೆ ಸುರಿದವರು ಕಾನ್ಸೆಪ್ಟಾ ಬಾಯಿ. ಸಂತೆಕಟ್ಟೆಯಲ್ಲಿ ತೆಂಗಿನ ತೋಟ ಇದ್ದ ವಿಧವೆ, ಮಾತು ಕಡಿಮೆ, ಆಡಿದ್ದು ಕಲ್ಲಿನ ಮೇಲೆ ಬರೆದ ಹಾಗೆ. ಅವರು ಯಾರ ಮೀನು ಕೊಳ್ಳುತ್ತಾರೋ ಸುತ್ತಲಿನ ಹತ್ತು ಮನೆಯವರೂ ಅವಳದ್ದನ್ನೇ ಕೊಳ್ಳುತ್ತಿದ್ದರು. ಅವರು ಬುಟ್ಟಿ ಮಗುಚಿದ ಮೇಲೆ ಆ ಹತ್ತು ಮನೆಗಳೂ ಗುಣವತಿಯ ಪಾಲಿಗೆ ಬಾಗಿಲು ಹಾಕಿದವು. ಇಡೀ ಸಂತೆ ನೋಡುತ್ತಿರುವಾಗ ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದೇ ಬಂಗುಡೆ ಹೆಕ್ಕಿದ್ದನ್ನು ಅವಳು ಮರೆತಿರಲಿಲ್ಲ. ಮರೆಯಲು ಪಕ್ಕದ ಬುಟ್ಟಿಯ ಕಮಲ ಬಿಡುತ್ತಲೂ ಇರಲಿಲ್ಲ.

ಐವತ್ತೊಂಬತ್ತನೇ ಇಸವಿಯ ಮೇ ತಿಂಗಳಲ್ಲಿ, ಮೀನು ಅರ್ಧ ಒಣಗಿರುವಾಗಲೇ, ಕೇಳದೆ ಕರೆಯದೆ ಮಳೆ ಬಂತು. ಎರಡು ದಿನ ಸುರಿದು ನಿಂತಿತು. ಮೂರನೆಯ ದಿನ ಚಾಪೆಯ ಮೇಲೆ ಮೀನಿಗಿಂತ ಹೆಚ್ಚು ನೊಣ. ಗುಣವತಿ ಸೆರಗಿನಿಂದ ಬೀಸಿ ಬೀಸಿ ಸೋತಳು. ಈ ಸಲವೂ ಹುಳ ಬಿದ್ದರೆ ಸಂತೆಕಟ್ಟೆಯಲ್ಲಿ ತನ್ನ ಹೆಸರು ಮುಗಿಯಿತು ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

ಆಗ ನೆನಪಾದದ್ದು ತಮ್ಮ ಲೀಲಾಧರ ತಂದುಕೊಟ್ಟ ಡಬ್ಬಿ. ಲೀಲಾಧರ ಸರ್ಕಾರದ ಮಲೇರಿಯಾದವರಲ್ಲಿ ದಿನಗೂಲಿಗೆ ಸೇರಿ, ಕಾರ್ಕಳದಾಚೆಯ ಘಟ್ಟದ ಬುಡದ ಮನೆಗಳಿಗೆ ಸೊಳ್ಳೆ ಸಾಯಲೆಂದು ಡಿ.ಡಿ.ಟಿ. ಹೊಡೆಯುವ ಕೆಲಸ ಮಾಡುತ್ತಿದ್ದ. ಅಕ್ಕನ ಮಂಚದಲ್ಲಿ ತಿಗಣೆ ಹೆಚ್ಚಾಗಿದೆ ಎಂದು ಹಾಲಿನ ಪುಡಿಯ ದೊಡ್ಡ ಡಬ್ಬಿಯೊಂದರಲ್ಲಿ ಆ ಬಿಳಿ ಮದ್ದನ್ನು ತುಂಬಿಸಿ, ಯಾರಿಗೂ ಕಾಣದಂತೆ ತಂದು ಇಟ್ಟಿದ್ದ. ತಿಗಣೆ ಸತ್ತಿತ್ತು. ಅದರ ಜೊತೆ ಮಂಚದ ಸುತ್ತ ನೊಣಗಳೂ ಉದುರಿದ್ದವು.

ಅದು ವಿಷವೋ ಎಂದು ಗುಣವತಿ ಆಗಲೇ ಕೇಳಿದ್ದಳು. ತಮ್ಮ ನಕ್ಕಿದ್ದ. "ಹುಳಕ್ಕೆ ವಿಷ, ಮನುಷ್ಯರಿಗೆ ಎಂತ ಆಗುವುದಿಲ್ಲ. ಒಂದು ಮನೆಯವರು ಒಳಗೆ ಬಿಡುವುದಿಲ್ಲ ಎಂದು ಹಟ ಮಾಡಿದಾಗ ನಮ್ಮ ಇನ್‌ಸ್ಪೆಕ್ಟರ್ ಅವರ ಎದುರೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಮರುದಿನ ಸೈಕಲಿನಲ್ಲಿ ಬಂದಿದ್ದರು ಮಾರಾಯ್ತಿ."

ಇನ್‌ಸ್ಪೆಕ್ಟರು ತಿಂದದ್ದನ್ನು ಬಂಗುಡೆ ತಿಂದರೆ ಏನು ತಪ್ಪು ಎಂದು ಗುಣವತಿ ಲೆಕ್ಕ ಹಾಕಿದಳು. ಮೂರು ಪಾಲು ಉಪ್ಪಿಗೆ ಒಂದು ಪಾಲು ಮದ್ದು ಬೆರೆಸಿ, ಮರದ ಮರಿಗೆಯಲ್ಲಿ ಮೀನಿಗೆ ಸವರಿ, ಪುನಃ ಚಾಪೆಗೆ ಹಾಕಿದಳು. ಬಣ್ಣದಲ್ಲಿ ಉಪ್ಪಿಗೂ ಅದಕ್ಕೂ ಏನೂ ಭೇದವಿರಲಿಲ್ಲ. ಸಂಜೆಯೊಳಗೆ ನೊಣ ಉದುರಿ ಚಾಪೆಯ ಅಂಚಿನಲ್ಲಿ ಕಪ್ಪು ಗೆರೆ ಎಳೆದಂತಾಯಿತು. ಅವಳಿಗೆ ಆದ ಸಂತೋಷವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ: ಅಂದು ಅವಳು ಎರಡು ಲೋಟ ಚಾ ಕುಡಿದು, ಕಮಲಳ ಚಾಪೆಯ ಹತ್ತಿರ ಸುಮ್ಮನೆ ಎರಡು ಸಲ ಓಡಾಡಿ ಬಂದಳು.

ಆದಿತ್ಯವಾರ ಕಾನ್ಸೆಪ್ಟಾ ಬಾಯಿ ಅವಳ ಬುಟ್ಟಿಯ ಮುಂದೆ ನಿಂತು, ಒಂದಲ್ಲ, ಆರು ಬಂಗುಡೆ ಮುರಿದು ನೋಡಿದರು. ಕಿವಿರು ಬಿಡಿಸಿ ನೋಡಿದರು. ಹುಳದ ಸುಳಿವಿಲ್ಲ.

"ಈ ಸಲ ಒಳ್ಳೆಯದುಂಟು ಗುಣವತಿ" ಎಂದರು. "ಎಲ್ಲವನ್ನೂ ಕೊಡು. ನಮ್ಮ ಮನೆಗೂ ಆಯಿತು, ಆಚೆಯ ಮೂರು ಮನೆಗಳಿಗೂ ಆಯಿತು."

ಹೋದ ವರ್ಷ ತಗ್ಗಿದ ತಲೆ ಒಂದೇ ಮಾತಿಗೆ ಎದ್ದು ನಿಂತಿತು. ಗುಣವತಿ ಖಾಲಿ ಬುಟ್ಟಿಯನ್ನು ಕಮಲಳಿಗೆ ಕಾಣುವಂತೆಯೇ ಮಗುಚಿ ಕೊಡವಿದಳು.

ಮನೆಗೆ ಬಂದು ಮರಿಗೆಯನ್ನು ಹಿತ್ತಿಲಲ್ಲಿ ಹರಿಯುವ ತೋಡಿನಲ್ಲಿ ತೊಳೆದಳು. ಮರುದಿನ ಬೆಳಿಗ್ಗೆ ತೋಡಿನ ಸಣ್ಣ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಉಪ್ಪು ಹೆಚ್ಚಾಯಿತೇನೋ ಎಂದುಕೊಂಡಳು. ಸಮುದ್ರದ ಬದಿಯ ತೋಡಿಗೆ ಉಪ್ಪು ಹೆಚ್ಚಾಗುವುದುಂಟೇ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ.

ಬುಟ್ಟಿಯ ತಳದಲ್ಲಿ ಉಳಿದಿದ್ದ ಮುರುಕು ಚೂರುಗಳನ್ನು ಅವಳು ಬೆಕ್ಕಿಗೆ ಹಾಕುತ್ತಾ ಬಂದಳು. ಅವಳಿಗೇ ಒಣಮೀನು ಸೇರುತ್ತಿರಲಿಲ್ಲ. ವರ್ಷವಿಡೀ ಅದರ ವಾಸನೆಯಲ್ಲೇ ಇದ್ದವಳಿಗೆ ಊಟಕ್ಕೂ ಅದೇ ಬೇಡವಾಗಿತ್ತು. ಜೂನಿನಲ್ಲಿ ಮಳೆ ಹಿಡಿಯಿತು. ಒಂದು ದಿನ ಬೆಕ್ಕು ಒಲೆಯ ಹತ್ತಿರ ಮಲಗಿದ್ದದ್ದು ಇದ್ದಕ್ಕಿದ್ದಂತೆ ನಡುಗತೊಡಗಿತು. ಚಳಿಯೆಂದು ಗೋಣಿ ಹೊದೆಸಿದಳು. ಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಮಧ್ಯಾಹ್ನದೊಳಗೆ ಸತ್ತಿತು. ಚಾಪೆಗಳ ಸುತ್ತ ಕಳ್ಳತನಕ್ಕೆ ಸುಳಿಯುತ್ತಿದ್ದ ದಡದ ಬೆಕ್ಕುಗಳಲ್ಲಿ ನಾಲ್ಕು ಅದಾಗಲೇ ಹೀಗೇ ಹೋಗಿದ್ದವು. ಬೆಕ್ಕು ಹೋದ ಮೇಲೆ ಇಲಿಗಳದ್ದೇ ರಾಜ್ಯ. ಮಳೆಗಾಲಕ್ಕೆಂದು ಮಡಚಿಟ್ಟ ಬಲೆಗಳನ್ನು ಕಡಿದು ತೂತು ಮಾಡಿದವು. ಯಾರು ಬೆಕ್ಕಿಗೆ ವಿಷ ಹಾಕಿದ್ದು ಎಂದು ಬಲೆಯವರು ಬೈಯುವಾಗ ಗುಣವತಿಯೂ ಅವರ ಜೊತೆ ಸೇರಿ ಬೈದಳು.

ಜುಲೈ ಕೊನೆಗೆ, ಆಟಿ ತಿಂಗಳಲ್ಲಿ, ಮಳೆಗೆ ಮದ್ದು ಹೊಡೆಯುವ ಕೆಲಸ ನಿಂತಿತೆಂದು ಲೀಲಾಧರ ಮನೆಗೆ ಬಂದ. ಉಣ್ಣುತ್ತಾ ಬೆಕ್ಕು ಎಲ್ಲಿ ಎಂದು ಕೇಳಿದ. ಅಕ್ಕ ಹೇಳಿದಳು.

"ನಡುಗಿತಾ?" ಅವನು ತಲೆಯೆತ್ತಿದ. "ನಾವು ಹೊಡೆದ ಮನೆಗಳಲ್ಲಿ ಕೆಲವು ಬೆಕ್ಕುಗಳು ಹಾಗೇ ಸಾಯುವುದು. ಗೋಡೆಗೆ ಮೈ ಉಜ್ಜಿ ಆಮೇಲೆ ನೆಕ್ಕುತ್ತವಲ್ಲ, ಅದಕ್ಕೆ. ತಿನ್ನುವ ಸಾಮಾನು ಹೊರಗೆ ಇಡಿಸಿಯೇ ಹೊಡೆಯಬೇಕು ಎಂದು ನಮಗೆ ಯಾವಾಗಲೂ ಹೇಳುತ್ತಾರೆ. ಆದರೆ ಈ ವರ್ಷ ನಿನ್ನ ಮನೆಗೆ ಹೊಡೆದೇ ಇಲ್ಲ ಅಲ್ವಾ? ಮಂಚಕ್ಕೆ ಹಾಕಿ ಎಷ್ಟೋ ಸಮಯ ಆಯಿತು."

ಗುಣವತಿ ಸೌಟು ಕೆಳಗಿಟ್ಟಳು. "ಮೀನಿಗೆ ಹಾಕಿದೆ."

"ಯಾವ ಮೀನಿಗೆ?"

"ಸಂತೆಗೆ ಒಯ್ದದ್ದಕ್ಕೆ. ಡಬ್ಬಿ ಖಾಲಿ ಆಗಿದೆ."

ಲೀಲಾಧರನ ಕೈಯ ತುತ್ತು ಬಟ್ಟಲಿಗೆ ಮರಳಿತು.

"ಯಾರ ಹತ್ತಿರವೂ ಹೇಳಬೇಡ ಅಕ್ಕ" ಎಂದ. "ಮದ್ದು ತಂದದ್ದು ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ, ಮೇಲಿಂದ ಕಳವಿನ ಕೇಸು. ಮನುಷ್ಯರಿಗೆ ಎಂತ ಆಗುವುದಿಲ್ಲ. ಇನ್‌ಸ್ಪೆಕ್ಟರ್ ತಿಂದು ತೋರಿಸಿದ್ದಾರಲ್ಲ."

"ಒಂದು ಚಿಟಿಕೆ, ಒಂದು ದಿನ" ಎಂದಳು ಗುಣವತಿ. "ಮಳೆಗಾಲ ಇಡೀ ಎರಡು ಹೊತ್ತು ತಿಂದು ತೋರಿಸಿದ್ದಾರಾ?"

ತಮ್ಮ ಅರ್ಧ ಉಂಡ ಬಟ್ಟಲನ್ನು ಎತ್ತಿಕೊಂಡು ಎದ್ದ.

ಎರಡು ದಿನ ಕಳೆದು ಬಸ್ಸಿನ ಕಂಡಕ್ಟರ್ ರಸ್ತೆಯಿಂದಲೇ ಕೂಗಿ ಸುದ್ದಿ ಹೇಳಿದ. ಕಾನ್ಸೆಪ್ಟಾ ಬಾಯಿಯ ಮಗಳು ಗ್ಲ್ಯಾಡಿಸ್ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಏಳು ತಿಂಗಳು. ಬೇರೇನೂ ಸೇರುವುದಿಲ್ಲ, ಗುಣವತಿಯ ಬಂಗುಡೆ ಸುಟ್ಟುಕೊಟ್ಟರೆ ಮಾತ್ರ ಗಂಜಿ ಹೋಗುತ್ತದೆ. ಅದೇ ಮೀನು ಇನ್ನೂ ಇದ್ದರೆ ಕಳುಹಿಸಬೇಕಂತೆ.

ಇಷ್ಟು ದಿನ ಕೇಳಬೇಕೆಂದು ಹಂಬಲಿಸಿದ್ದ ಮಾತೇ ಅದು. ಗುಣವತಿ ಒಳಗೆ ಬಂದು ಬಾಗಿಲು ಹಾಕಿಕೊಂಡಳು. ತಮ್ಮನ ಕೆಲಸ, ತನ್ನ ಹೆಸರು, ಕಮಲಳ ನಾಲಗೆ, ಎಲ್ಲವೂ ತಲೆಯಲ್ಲಿ ಒಂದು ಸುತ್ತು ಬಂದವು. ಆದರೆ ಗೋಣಿಯ ಕೆಳಗೆ ನಡುಗುತ್ತಿದ್ದ ಬೆಕ್ಕು ಕಣ್ಣೆದುರಿನಿಂದ ಹೋಗಲಿಲ್ಲ. ಉಪ್ಪು ತಿಂದವ ನೀರು ಕುಡಿಯಲೇಬೇಕು. ಇಲ್ಲಿ ಉಪ್ಪು ಹಾಕಿದವಳು ತಾನು, ತಿನ್ನುತ್ತಿರುವವಳು ಬೇರೆ ಯಾರೋ. ಮರುದಿನ ಮೊದಲ ಬಸ್ಸಿಗೆ ಖಾಲಿ ಬುಟ್ಟಿ ಹಿಡಿದು ಹೊರಟಳು. ಉಡುಪಿಯಲ್ಲಿ ಬಸ್ಸು ಬದಲಿಸಿ, ನೆನೆದು ತೊಪ್ಪೆಯಾಗಿ ಸಂತೆಕಟ್ಟೆ ಮುಟ್ಟುವಾಗ ಒಂಬತ್ತು ಗಂಟೆ.

ಕಾನ್ಸೆಪ್ಟಾ ಬಾಯಿ ಜಗಲಿಯಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದರು. "ಮೀನು ತಂದೆಯಾ?" ಎಂದರು. "ಒಳ್ಳೆಯದಾಯಿತು. ಉಳಿದ ಮೀನಿಗೆ ಇಲಿಯ ಕಾಟ. ಮೂರು ಬೆಕ್ಕು ಇದ್ದವು, ಎಂತ ರೋಗವೋ, ಒಂದರ ಹಿಂದೆ ಒಂದು ಹೋದವು."

"ಬಾಯಮ್ಮ, ಗ್ಲ್ಯಾಡಿಸಮ್ಮ ಹೇಗಿದ್ದಾರೆ?"

"ಇದ್ದಾಳೆ. ತುಟಿ, ನಾಲಗೆ ಜುಮುಜುಮು ಎನ್ನುತ್ತದಂತೆ, ಕೈ ನಡುಗುತ್ತದೆ. ರಕ್ತ ಕಡಿಮೆ ಎಂದು ಡಾಕ್ಟರು ಟಾನಿಕ್ ಕೊಟ್ಟಿದ್ದಾರೆ. ಚೊಚ್ಚಲಲ್ಲಿ ಇದೆಲ್ಲ ಇದ್ದದ್ದೇ."

ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ. ಗುಣವತಿ ಮೆಟ್ಟಿಲ ಕೆಳಗೇ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಳೆ, ನೊಣ, ಡಬ್ಬಿ, ಮೂರು ಪಾಲಿಗೆ ಒಂದು ಪಾಲು, ತೋಡಿನ ಮೀನು, ಬೆಕ್ಕು. ತಮ್ಮನ ಹೆಸರನ್ನು ಮಾತ್ರ ಎತ್ತಲಿಲ್ಲ. "ಆ ಮೀನು ತಿನ್ನಬೇಡಿ ಬಾಯಮ್ಮ. ನಾನು ವಾಪಸು ಕೊಂಡುಹೋಗಲಿಕ್ಕೆ ಬಂದದ್ದು."

ಕಾನ್ಸೆಪ್ಟಾ ಬಾಯಿ ಗರಿ ಬದಿಗಿಟ್ಟು ಅವಳನ್ನೇ ನೋಡಿದರು. ಆಮೇಲೆ ತುಟಿಯ ಕೊನೆಯಲ್ಲಿ ನಕ್ಕರು.

"ಆಟಿಯಲ್ಲಿ ಒಣಮೀನಿಗೆ ಎಷ್ಟು ಬೇಡಿಕೆ ಉಂಟು ಎಂದು ನನಗೂ ಗೊತ್ತುಂಟು ಗುಣವತಿ. ವಾಪಸು ತೆಗೆದುಕೊಂಡು ಯಾರಿಗೆ ಮಾರುತ್ತೀ?"

"ಮಾರಲಿಕ್ಕೆ ಅಲ್ಲ. ಅದು ವಿಷ."

"ಡಿ.ಡಿ.ಟಿ. ವಿಷವಾ?" ಅವರ ದನಿ ಏರಲಿಲ್ಲ, ಗಟ್ಟಿಯಾಯಿತು ಅಷ್ಟೆ. "ಗ್ಲ್ಯಾಡಿಸ್‌ಳ ಅಪ್ಪ ಕಾರ್ಕಳದ ಆಚೆ ಮರದ ಕೆಲಸಕ್ಕೆ ಹೋಗಿ ಮಲೇರಿಯಾದ ಚಳಿಜ್ವರ ಹಿಡಿಸಿಕೊಂಡು ಬಂದರು. ಇದೇ ಜಗಲಿಯಲ್ಲಿ ಹದಿನೆಂಟು ದಿನ ನಡುಗಿ ಹೋದರು. ಆ ಮದ್ದು ಆಗ ಬಂದಿದ್ದರೆ ಅವರು ಇವತ್ತು ಇರುತ್ತಿದ್ದರು. ಈಗ ನಮ್ಮ ಊರಲ್ಲಿ ಒಬ್ಬರಿಗೆ ಜ್ವರ ಉಂಟಾ ಹೇಳು. ವಿಷವಾದರೆ ಸರ್ಕಾರದವರು ಮನೆ ಮನೆಗೆ ಬಂದು ಹೊಡೆಯುತ್ತಾರಾ?"

ಬಾಯಮ್ಮ ಹೇಳಿದ್ದೂ ಸತ್ಯವೇ, ಗುಣವತಿ ಹೇಳಿದ್ದೂ ಸತ್ಯವೇ. ಜ್ವರ ನಿಲ್ಲಿಸಿದ ಮದ್ದೇ ಗಂಜಿಯ ಬಟ್ಟಲಿಗೆ ಬಂದರೆ ಏನಾಗುತ್ತದೆ ಎಂದು ವಿವರಿಸುವಷ್ಟು ವಿದ್ಯೆ ಆ ಅಂಗಳದಲ್ಲಿ ಯಾರಿಗೂ ಇರಲಿಲ್ಲ.

"ಮೀನಿಗೆ ಹುಳ ಇಲ್ಲ, ವಾಸನೆ ಇಲ್ಲ" ಎಂದರು ಕಾನ್ಸೆಪ್ಟಾ ಬಾಯಿ. "ಇಷ್ಟು ಒಳ್ಳೆಯ ಮೀನನ್ನು ನೀನು ಜನ್ಮದಲ್ಲಿ ಮಾಡಿಲ್ಲ. ಕೊಡುವುದಿಲ್ಲ. ಹೋಗು."

ಅಷ್ಟರಲ್ಲಿ ಗ್ಲ್ಯಾಡಿಸ್ ಒಳಗಿನಿಂದ ಬಟ್ಟಲು ಹಿಡಿದು ಬಂದಳು. ದುಂಡು ಹೊಟ್ಟೆ, ಬಿಳಿಚಿದ ಮುಖ. ಬಟ್ಟಲಿನಲ್ಲಿ ಗಂಜಿ, ಅದರ ಮೇಲೆ ಸುಟ್ಟ ಬಂಗುಡೆಯ ಅರ್ಧ. ಗುಣವತಿಯನ್ನು ಕಂಡು ಮುಖ ಅರಳಿಸಿ, "ಬಂದೆಯಾ? ಈ ಹೊಟ್ಟೆಯಲ್ಲಿರುವುದು ನಿನ್ನ ಮೀನು ತಿಂದೇ ಬೆಳೆದದ್ದು ಗೊತ್ತುಂಟಾ?" ಎಂದಳು. ಅವಳ ಕೈ ನಡುಗುತ್ತಿತ್ತು. ಬಟ್ಟಲಿನೊಳಗೆ ಚಮಚ ಅಂಚಿಗೆ ತಾಗಿ ಟಿಕಿಟಿಕಿ ಸದ್ದು ಮಾಡುತ್ತಿತ್ತು.

ಆ ಸದ್ದನ್ನು ಗುಣವತಿ ತಡೆದುಕೊಳ್ಳಲಾರದೆ ಹೋದಳು.

"ಬಾಯಮ್ಮ" ಎಂದಳು, "ಹುಳ ಇತ್ತು."

"ಎಂತ?"

"ಮಳೆ ಬಂದ ಮೇಲೆ ಇಡೀ ಚಾಪೆಗೆ ಹುಳ ಬಿದ್ದಿತ್ತು. ಹೊಟ್ಟೆಯಲ್ಲೂ, ಕಿವಿರಿನಲ್ಲೂ. ನಾನು ಸಮುದ್ರದ ನೀರಿನಲ್ಲಿ ತೊಳೆದು, ಹೆಕ್ಕಿ ತೆಗೆದು, ಪುನಃ ಒಣಗಿಸಿ ತಂದದ್ದು. ಹೆಕ್ಕಿದ್ದು ಅರ್ಧವೇ. ಉಳಿದದ್ದು ಮಾಂಸದೊಳಗೇ ಸತ್ತು ಒಣಗಿ ಹೋದವು. ಮುರಿದರೆ ಗೊತ್ತಾಗಬಾರದು ಎಂದು ಉಪ್ಪಿನ ಪುಡಿ ಸವರಿದ್ದು. ಹುಳ ಎನ್ನಲು ನಾಚಿಕೆಯಾಗಿ ಮೊದಲು ಆ ಮದ್ದಿನ ಕಥೆ ಕಟ್ಟಿ ಹೇಳಿದೆ."

ಸತ್ಯದಿಂದ ಅರ್ಧ ಗಂಟೆಯಲ್ಲೂ ಆಗದ ಕೆಲಸ ಸುಳ್ಳಿನಿಂದ ಒಂದು ಉಸಿರಿನಲ್ಲಿ ಆಯಿತು. ಗ್ಲ್ಯಾಡಿಸ್ ಬಟ್ಟಲನ್ನು ಜಗಲಿಯಲ್ಲಿ ಬಿಟ್ಟು ಬಾಯಿಗೆ ಕೈ ಹಿಡಿದು ಓಡಿದಳು. ಬಾವಿಯ ಬದಿಯಲ್ಲಿ ಅವಳು ಕಾರುವುದು ಕೇಳಿಸಿತು. ಕಾನ್ಸೆಪ್ಟಾ ಬಾಯಿ ಎದ್ದರು. ಈ ಸಲ ಅವರು ಸಂಶಯ ಪಡಲಿಲ್ಲ. ಹೋದ ವರ್ಷ ಹುಳ ತಂದವಳು ಈ ವರ್ಷವೂ ತಂದಳೆಂದರೆ ನಂಬದೆ ಇರಲು ಏನಿದೆ? ಅವರು ಒಳಗಿನಿಂದ ದೊಡ್ಡ ಭರಣಿಯನ್ನು ತಬ್ಬಿ ತಂದು, ಮೆಟ್ಟಿಲ ಮೇಲಿನಿಂದ ಗುಣವತಿಯ ಕಾಲ ಬುಡಕ್ಕೆ, ಮಳೆ ಬೀಳುವ ಅಂಗಳಕ್ಕೆ ಸುರಿದರು.

"ಬಸುರಿಯ ಬಟ್ಟಲಿಗೆ ಹುಳ ಹಾಕಿದೆಯಲ್ಲ ಗುಣವತಿ" ಎಂದರು. "ಹೆಕ್ಕು."

ಗುಣವತಿ ಕುಕ್ಕರುಗಾಲಿನಲ್ಲಿ ಕುಳಿತು ಹೆಕ್ಕಿದಳು. ಒಂದು ಬಾಲ, ಒಂದು ತಲೆ ಕೂಡ ಉಳಿಯದಂತೆ ಹೆಕ್ಕಿದಳು. ಬಟ್ಟಲಿನಲ್ಲಿದ್ದ ಅರ್ಧವನ್ನೂ ಬೇಡಿ ತೆಗೆದುಕೊಂಡಳು. ಬಾಯಮ್ಮನ ಕಣ್ಣೆದುರು ಅಳಬಾರದು ಎಂದು ಹಲ್ಲು ಕಚ್ಚಿದ್ದಳು, ಆದರೂ ಅತ್ತಳು. ಮಳೆಯಿದ್ದುದರಿಂದ ಅದು ಯಾರಿಗೂ ಕಾಣಲಿಲ್ಲ.

ಆಚೆಯ ಮೂರು ಮನೆಗಳಿಗೆ ಅವಳು ಬೇರೆಯಾಗಿ ಸುಳ್ಳು ಹೇಳಬೇಕಾಗಲಿಲ್ಲ. ಕಾನ್ಸೆಪ್ಟಾ ಬಾಯಿಯೇ ಹೇಳಿ ಕಳುಹಿಸಿದರು. ಅವಳು ಹೋಗುವಷ್ಟರಲ್ಲಿ ಮೂರು ಅಂಗಳಗಳಲ್ಲೂ ಮೀನು ರಾಶಿ ಬಿದ್ದಿತ್ತು. ಒಂದು ಮನೆಯ ಆನಿ ಎಂಬ ಮುದುಕಿ ಅದರ ಮೇಲೆ ಉಗಿದೂ ಆಗಿತ್ತು.

ತುಂಬಿದ ಬುಟ್ಟಿಯೊಂದಿಗೆ ಕಾಪುವಿಗೆ ಮರಳಿದವಳು ಅದನ್ನು ತೋಡಿಗೂ ಎಸೆಯಲಿಲ್ಲ, ಸಮುದ್ರಕ್ಕೂ ಹಾಕಲಿಲ್ಲ. ತಮ್ಮನ ಕೈಯಲ್ಲಿ ಹಿತ್ತಿಲ ದಿಣ್ಣೆಯ ಮೇಲೆ ಎದೆಯಾಳದ ಗುಂಡಿ ತೋಡಿಸಿ, ಮೀನು, ಚಾಪೆ, ಮರಿಗೆ, ಹಾಲಿನ ಪುಡಿಯ ಡಬ್ಬಿ ಎಲ್ಲವನ್ನೂ ಹೂಳಿ, ನಾಯಿ ಕೆದರದಂತೆ ಮೇಲೆ ಕಲ್ಲು ಹೇರಿಸಿದಳು.

"ನನ್ನ ಹೆಸರು ಹೇಳಿದೆಯಾ ಅಕ್ಕ?" ಎಂದು ಲೀಲಾಧರ ಹಾರೆಗೆ ಒರಗಿ ಕೇಳಿದ.

"ಇಲ್ಲ. ಹುಳದ ಹೆಸರು ಹೇಳಿದೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಅಕ್ಕನ ಮುಖ ನೋಡಲಿಲ್ಲ. ಕಲ್ಲಿನ ಮೇಲೆ ಇನ್ನೂ ಎರಡು ಕಲ್ಲು ತಂದಿಟ್ಟ.

ಮುಂದಿನ ಮೇ ತಿಂಗಳಲ್ಲಿ ಗುಣವತಿ ಸಂತೆಕಟ್ಟೆಯ ಸಂತೆಗೆ ಹೋದಳು. ಹೋಗದೆ ಹೊಟ್ಟೆಗೇನು? ಅವಳಿಗೆ ಸಂತೆಯಲ್ಲಿ ಅಷ್ಟರಲ್ಲಿ ಹೊಸ ಹೆಸರು ಬಿದ್ದಿತ್ತು: ಹುಳದ ಗುಣವತಿ. ಜಾಗವೂ ಕೊನೆಯ ಸಾಲಿನಲ್ಲಿ, ಗೋಣಿ ಕಟ್ಟುವವರ ಹತ್ತಿರ. ಗುರುತಿಲ್ಲದವರು, ದೂರದಿಂದ ಬಂದವರು, ಕಡಿಮೆಗೆ ಕೇಳುವವರು ಮಾತ್ರ ಅವಳ ಬುಟ್ಟಿಯವರೆಗೆ ಬರುತ್ತಿದ್ದರು.

ಅಂಥ ಒಬ್ಬ ಹೆಂಗಸು ಬಂಗುಡೆಯ ಬಾಲ ಮುರಿಯುತ್ತಿರುವಾಗ ಪೂಜೆ ಮುಗಿಸಿದವರ ಗುಂಪು ಬಂತು. ಅದರಲ್ಲಿ ಕಾನ್ಸೆಪ್ಟಾ ಬಾಯಿ ಇದ್ದರು. ಹಿಂದೆ ಗ್ಲ್ಯಾಡಿಸ್, ಸೊಂಟದಲ್ಲಿ ಎಂಟು ತಿಂಗಳ ಹೆಣ್ಣು ಮಗು. ಗುಣವತಿ ಮೊದಲು ನೋಡಿದ್ದು ಗ್ಲ್ಯಾಡಿಸ್‌ಳ ಕೈಯನ್ನು. ಬಿಸಿಲಿಗೆ ಮಗುವಿನ ಟೊಪ್ಪಿಯ ದಾರ ಕಟ್ಟುತ್ತಿದ್ದ ಆ ಬೆರಳುಗಳು ನಡುಗಲಿಲ್ಲ. ಆಮೇಲೆ ಮಗುವನ್ನು ನೋಡಿದಳು. ಎರಡು ಹಲ್ಲು, ದುಂಡು ಕಾಲು, ಅಮ್ಮನ ಕರಿಮಣಿ ಸರವನ್ನು ಗಟ್ಟಿಯಾಗಿ ಹಿಡಿದ ಮುಷ್ಟಿ. ಗುಣವತಿಯ ಎದೆಯ ಮೇಲಿದ್ದ ಕಲ್ಲೊಂದು ಕೆಳಗಿಳಿಯಿತು. ಒಮ್ಮೆ ಎತ್ತಿಕೊಳ್ಳಬೇಕೆಂದು ಕೈ ತುಡಿಯಿತು, ಆದರೆ ಕೇಳಲಿಲ್ಲ.

ಕಾನ್ಸೆಪ್ಟಾ ಬಾಯಿ ನಿಂತರು. ಗುಣವತಿಯ ಕಡೆ ನೋಡದೆ ಆ ಹೊಸ ಹೆಂಗಸಿಗೆ ಹೇಳಿದರು: "ಇವಳ ಮೀನು ತೆಗೆದುಕೊಳ್ಳಬೇಡಿ. ಹುಳ ಬಿದ್ದದ್ದನ್ನು ತೊಳೆದು ಮಾರುವವಳು."

ಹೆಂಗಸು ಮುರಿದ ಬಂಗುಡೆಯನ್ನು ಕೈಯಲ್ಲೇ ಹಿಡಿದು, "ಹೌದಾ?" ಎಂದು ಗುಣವತಿಯನ್ನು ಕೇಳಿದಳು.

ಗುಣವತಿ ಇನ್ನೂ ಮಗುವನ್ನೇ ನೋಡುತ್ತಿದ್ದಳು.

"ಹೌದು" ಎಂದಳು.

ಹೆಂಗಸು ಮೀನನ್ನು ಬುಟ್ಟಿಗೆ ಹಾಕಿ ಎದ್ದು ಹೋದಳು. ಮುರಿದ ಬಂಗುಡೆಯ ಮೇಲೆ ಒಂದು ನೊಣ ಬಂದು ಕುಳಿತಿತು. ಗುಣವತಿ ಅದನ್ನು ತಕ್ಷಣ ಓಡಿಸಲಿಲ್ಲ. ಅದು ಉದುರಿ ಬೀಳದೆ, ಕಾಲು ಉಜ್ಜಿ, ಅತ್ತಿತ್ತ ನಡೆದು, ಪುನಃ ಹಾರಿ ಹೋಗುವವರೆಗೂ ನೋಡಿದಳು. ಆಮೇಲೆ ಸೆರಗು ಬೀಸುತ್ತಾ ಕುಳಿತಳು.